ಚನ್ನರಾಯಪಟ್ಟಣದಲ್ಲಿ ದೊರೆ ಕಿವಿಗೊಟ್ಟಿದ್ದರೆ

1830ರ ಡಿಸೆಂಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ಬಿಟ್ಟು ಸೈನ್ಯಸಮೇತ ಉತ್ತರಕ್ಕೆ ಹೊರಟರು. ದಂಡು ಚನ್ನರಾಯಪಟ್ಟಣದಲ್ಲಿ ಬೀಡುಬಿಟ್ಟಿತು. ದೊರೆಗೆ ಆಗ 36 ವರ್ಷ. ಮಲೆನಾಡಿನ ನಗರ ಸೀಮೆಯಲ್ಲಿ ಹೊತ್ತಿಕೊಂಡಿದ್ದ ರೈತರ ದಂಗೆ ಬಯಲುಸೀಮೆಯ ಕಡೆಗೂ ಹಬ್ಬುತ್ತಿತ್ತು. ಅದನ್ನು ಅಡಗಿಸಲು ತಾವೇ ಹೋಗಬೇಕೆಂದು ಅವರು ತೀರ್ಮಾನಿಸಿದ್ದರು.

ಚನ್ನರಾಯಪಟ್ಟಣದ ಸುತ್ತ ಅದು ರಾಗಿ ಕೊಯ್ದು ಮೆದೆ ಹಾಕುವ ಕಾಲ. ಕಣದಲ್ಲಿ ರಾಶಿ ಆದ ಮೇಲೆ ಸರ್ಕಾರಕ್ಕೆಷ್ಟು, ಮನೆಗೆಷ್ಟು ಎಂದು ಒಕ್ಕಲು ಮನೆಗಳು ಲೆಕ್ಕ ಹಾಕುವ ದಿನಗಳು. ಕಂದಾಯದ ಸಂಕಟ ಎಲ್ಲರ ಮನಸ್ಸಿನಲ್ಲೂ ಇರುವ ಹೊತ್ತಿಗೇ ದೊರೆ ಅಲ್ಲಿದ್ದರು. ಗೌಡರು, ಪಟೇಲರು, ಶ್ಯಾನುಭೋಗರು, ಸಾಮಾನ್ಯ ಒಕ್ಕಲಿಗರು, ಎಲ್ಲರೂ ಒಂದೆರಡು ದಿನದ ನಡಿಗೆಯಲ್ಲಿ ಬಂದು ಮುಟ್ಟಬಹುದಾಗಿದ್ದ ದೂರದಲ್ಲಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು ಯಾವುದೂ ದೂರವಲ್ಲ.

ಆದರೆ ಆ ಬೀಡಿನಲ್ಲಿ ನಡೆದದ್ದು ವಿಚಾರಣೆ ಮತ್ತು ಶಿಕ್ಷೆ. ದಂಗೆಯಲ್ಲಿ ಸೇರಿದವರೆಂದು ಹಿಡಿತಂದವರಲ್ಲಿ ಕೆಲವರಿಗೆ ಗಲ್ಲಾಯಿತು, ಕೆಲವರಿಗೆ ಛಡಿಯೇಟು ಬಿತ್ತು. ದೊರೆ ಮೈಸೂರಿಗೆ ಹಿಂದಿರುಗಿದರು. ಹತ್ತು ತಿಂಗಳ ನಂತರ, 1831ರ ಅಕ್ಟೋಬರ್ 19ರಂದು, ರಾಜ್ಯವೇ ಅವರ ಕೈಯಲ್ಲಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅದನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಒಡೆಯರ ಮನೆತನಕ್ಕೆ ಅದು ಮರಳಿ ಬಂದದ್ದು 1881ರ ಮಾರ್ಚ್ 25ರಂದು. ನಡುವೆ ಐವತ್ತು ವರ್ಷ ಕಳೆದಿತ್ತು, ಮುಮ್ಮಡಿಯವರು ತೀರಿಕೊಂಡು ಹದಿಮೂರು ವರ್ಷವಾಗಿತ್ತು.

ನಗರದ ದಂಗೆಯ ಚರಿತ್ರೆ ಬರೆದವರೆಲ್ಲ ಶಿವಮೊಗ್ಗ, ಹೊನ್ನಾಳಿ, ತರೀಕೆರೆ, ನಗರದ ಕೋಟೆಗಳ ಮೇಲೆ ಕಣ್ಣಿಟ್ಟು ಬರೆದಿದ್ದಾರೆ. ಅದು ಸಹಜ. ಗುಂಡು ಹಾರಿದ್ದು, ಕೋಟೆ ಬಿದ್ದದ್ದು ಅಲ್ಲಿ. ಆದರೂ ಆ ಯುದ್ಧದ ತಿರುವು ಚನ್ನರಾಯಪಟ್ಟಣದ ಬೀಡಿನಲ್ಲಿತ್ತು, ಅಲ್ಲಿ ಬೇರೆ ರೀತಿ ನಡೆದಿದ್ದರೆ ಮುಂದಿನ ಐವತ್ತು ವರ್ಷ ಬೇರೆಯೇ ಆಗಬಹುದಿತ್ತು ಎಂದು ನನಗೆ ಬಲವಾಗಿ ಅನ್ನಿಸಿದೆ.

ದಂಗೆ ಏಕೆ ಎದ್ದಿತು ಎನ್ನುವುದರಿಂದಲೇ ಶುರುಮಾಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯೊಂದಿಗೆ ಆದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಪೊಗದಿ ಕೊಡಬೇಕಿತ್ತು. ಮಳೆ ಬರಲಿ ಬಿಡಲಿ, ಧಾನ್ಯದ ಬೆಲೆ ಏರಲಿ ಇಳಿಯಲಿ, ಆ ಹಣ ನಿಲ್ಲುವಂತಿರಲಿಲ್ಲ. ಅದರ ಮೇಲೆ ಅರಮನೆಯ ಖರ್ಚು. ಕವಿಗಳು, ಪಂಡಿತರು, ಚಿತ್ರಕಾರರು, ಸಂಗೀತಗಾರರು ಅರಮನೆಯ ನೆರಳಿನಲ್ಲಿ ಬೆಳೆದದ್ದೂ ಆ ಖರ್ಚಿನಲ್ಲೇ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ದುಡ್ಡು ಬರಬೇಕಾಗಿದ್ದದ್ದು ಗದ್ದೆ ಹೊಲಗಳಿಂದಲೇ.

ಬಂದದ್ದು ಶರತ್ತಿನ ಪದ್ಧತಿಯಿಂದ. ಅಮಲ್ದಾರನಾಗುವವನು ತಾಲ್ಲೂಕಿನಿಂದ ಇಷ್ಟು ಹಣ ಕಟ್ಟುತ್ತೇನೆಂದು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆಯಾದರೆ ಕೈಯಿಂದ ತುಂಬಿಕೊಡಬೇಕು. ಕೈಯಿಂದ ತುಂಬುವ ಅಮಲ್ದಾರ ಎಲ್ಲಿದ್ದಾನು? ಕಡಿಮೆಬಿದ್ದದ್ದೆಲ್ಲ ರೈತನ ಬೆನ್ನಮೇಲೆ ಬಂತು. ಸಾಯರ, ಎಂದರೆ ಸರಕು ಸಾಗಣೆಯ, ಸುಂಕ ಗುತ್ತಿಗೆಗೆ ಹೋಯಿತು, ಗುತ್ತಿಗೆದಾರ ಇನ್ನೊಬ್ಬನಿಗೆ ಒಳಗುತ್ತಿಗೆ ಕೊಟ್ಟ. ನಗರ ಸೀಮೆಯಲ್ಲಿ ಇನ್ನೊಂದು ಉರಿಯೂ ಸೇರಿತು. ಹಿಂದೆ ವಜಾ ಮಾಡಿದ್ದ ಬಾಕಿಗಳನ್ನು ಮತ್ತೆ ಕೆದಕಿ ವಸೂಲಿಗೆ ಇಳಿದರು. ಕೆಳದಿ ಶಿವಪ್ಪನಾಯಕನ ಕಾಲದ ಶಿಸ್ತನ್ನು, ಎಂದರೆ ಆಗ ಗೊತ್ತುಮಾಡಿದ ಕಂದಾಯವನ್ನು, ಅಜ್ಜನಿಂದ ಮೊಮ್ಮಗನವರೆಗೆ ನೆನಪಿಟ್ಟುಕೊಂಡಿದ್ದ ಸೀಮೆ ಅದು. ತಮ್ಮ ಭೂಮಿಯ ಕಂದಾಯ ಎಷ್ಟೆಂದು ಅವರಿಗೆ ಗೊತ್ತಿತ್ತು, ಎಷ್ಟು ಹೆಚ್ಚಾಗಿ ಕೇಳುತ್ತಿದ್ದಾರೆ ಎಂಬುದೂ ಗೊತ್ತಿತ್ತು.

ಎಚ್ಚರಿಕೆ ಇರಲಿಲ್ಲವೆಂದಲ್ಲ. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೊ ಮೈಸೂರಿಗೆ ಬಂದು ದೊರೆಯ ಎದುರೇ ಹೇಳಿದ್ದ: ಆಡಳಿತ ಸರಿಹೋಗದಿದ್ದರೆ ಕಂಪನಿ ಕೈಹಾಕಬೇಕಾಗುತ್ತದೆ. ಮನ್ರೊ ರೈತರ ಲೆಕ್ಕ ಬಲ್ಲವನು, ಆ ಮಾತಿಗೆ ತೂಕವಿತ್ತು. ಐದು ವರ್ಷ ಹೋದರೂ ಶರತ್ತು ಹೋಗಲಿಲ್ಲ.

1830ರ ಆಗಸ್ಟಿನ ಹೊತ್ತಿಗೆ ನಗರ ಸೀಮೆಯಲ್ಲಿ ಕೂಟಗಳು ಸೇರತೊಡಗಿದವು. ಊರ ಗೌಡರು ಕಾಗದ ಬರೆದು ಇನ್ನೊಂದು ಊರಿಗೆ ಕಳಿಸುವರು, ಆ ಊರಿನವರು ಮತ್ತೊಂದಕ್ಕೆ. ಜನ ಮನೆಗೆ ಬೀಗ ಹಾಕಿ ದೇವಸ್ಥಾನದ ಬಯಲಿನಲ್ಲೋ ಮಠದ ಅಂಗಳದಲ್ಲೋ ಒಟ್ಟಾಗಿ, ನಮ್ಮ ದೂರು ಕೇಳುವತನಕ ಉಳುವುದಿಲ್ಲ, ಕಟ್ಟುವುದಿಲ್ಲ ಎಂದು ಕೂರುವರು. ಮೊದಲ ತಿಂಗಳುಗಳಲ್ಲಿ ಅದು ಯುದ್ಧವಾಗಿರಲಿಲ್ಲ, ಅಸಹಕಾರವಾಗಿತ್ತು. ನೂರು ವರ್ಷದ ನಂತರ ಕರನಿರಾಕರಣೆಯೆಂದು ಹೆಸರಾದ ಕೆಲಸವನ್ನು ಮಲೆನಾಡಿನ ಒಕ್ಕಲಿಗರು ಯಾರ ಉಪದೇಶವೂ ಇಲ್ಲದೆ ಮಾಡಿದ್ದರು.

ಅದರ ಒಳಕ್ಕೆ ಇನ್ನೊಂದು ಶಕ್ತಿ ಬಂದು ಸೇರಿಕೊಂಡಿತು. ಸಾದರ ಮಲ್ಲ ಎಂಬ ರೈತ ಬೂದಿ ಬಸವಪ್ಪನಾಯಕನೆಂಬ ಹೆಸರಿನಲ್ಲಿ ತಾನು ಕೆಳದಿ ಅರಸರ ವಂಶದವನೆಂದು ಹೇಳಿಕೊಂಡ, ನಗರದ ಗಾದಿ ತನ್ನದೆಂದ. ಕೆಳದಿ ಮನೆತನ ಹೈದರಾಲಿಯ ಕೈಯಲ್ಲಿ ಸೋತದ್ದು 1763ರಲ್ಲಿ. ನಗರ ಮೈಸೂರಿಗೆ ಸೇರಿ 67 ವರ್ಷವಷ್ಟೇ ಆಗಿತ್ತು. ಹಳೆಯ ಅರಸರನ್ನು ಕಂಡ ಮುದುಕರು ಇನ್ನೂ ಇದ್ದಿರಬೇಕು. ತರೀಕೆರೆಯ ಪಾಳೇಗಾರ ಮನೆತನದವರೂ ಎದ್ದರು. ಕಂದಾಯದ ಜಗಳಕ್ಕೆ ಗಾದಿಯ ಜಗಳ ಕೂಡಿತು.

ಹಾಸನದ ಕಡೆಗೂ ನಗರಕ್ಕೂ ಇದ್ದ ವ್ಯತ್ಯಾಸ ಇಲ್ಲೇ. ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಅರಕಲಗೂಡಿಗೂ ಒಂದು ಕಾಲಕ್ಕೆ ತಮ್ಮದೇ ನಾಯಕರಿದ್ದರು, ತಮ್ಮದೇ ಕೋಟೆಗಳಿದ್ದವು. ಆದರೆ ಅವೆಲ್ಲ 17ನೇ ಶತಮಾನದಲ್ಲೇ ಮೈಸೂರಿನ ಒಡೆಯರಿಗೆ ಸೇರಿಹೋಗಿದ್ದವು. ಆ ಸೀಮೆಯವರಿಗೆ ಮೈಸೂರು ಬೇರೆಯವರ ಊರಲ್ಲ. ಹೇಮಾವತಿಯ ಅಣೆಕಟ್ಟುಗಳ ನಾಲೆನೀರು, ದೇವಸ್ಥಾನಗಳ ಉಂಬಳಿ, ಶ್ರವಣಬೆಳಗೊಳದ ಅಭಿಷೇಕಗಳಿಗೆ ಬರುತ್ತಿದ್ದ ಅರಮನೆ, ಎಲ್ಲದರಲ್ಲೂ ದೊರೆ ಅವರಿಗೆ ಪರಿಚಿತರು. ಅಲ್ಲಿ ಎದ್ದಿದ್ದ ಅಸಮಾಧಾನದಲ್ಲಿ ಬೇರೆ ಅರಸ ಬೇಕೆಂಬ ಮಾತಿರಲಿಲ್ಲ, ಅಮಲ್ದಾರ ಬೇಡವೆಂಬ ಮಾತಿತ್ತು. ಇಷ್ಟು ಸುಲಭವಾಗಿ ಸಮಾಧಾನ ಮಾಡಬಹುದಾಗಿದ್ದ ಪ್ರಜೆ ಇಡೀ ರಾಜ್ಯದಲ್ಲಿ ಬೇರೆಲ್ಲೂ ಇರಲಿಲ್ಲ. ದೊರೆಯ ದಂಡು ಬಂದು ಇಳಿದದ್ದು ಅವರ ನಡುವೆಯೇ.

ಬಲವೇ ಸಾಕು ಎಂದು ನಂಬಿದ ದಂಡಿನ ಕಥೆ ಮುಂದೆ ಏನಾಯಿತು ನೋಡಿ. ಅಣ್ಣಪ್ಪ ಎಂಬವನ ನೇತೃತ್ವದ ಅರಮನೆ ಪಡೆ ನಗರದ ಕಡೆಗೆ ಹೋಗಿ ಹಿಮ್ಮೆಟ್ಟಬೇಕಾಯಿತು. ಮಲೆನಾಡಿನ ಕಣಿವೆಗಳಲ್ಲಿ, ಕೆಳದಿಯವರ ಕಾಲದಿಂದ ಇದ್ದ ಉಕ್ಕಡಗಳಲ್ಲಿ, ಮರ ಕಡಿದು ಅಡ್ಡ ಹಾಕಿ ಬಂದೂಕು ಹಿಡಿದು ಕುಳಿತವರನ್ನು ಬಯಲಿನ ಕುದುರೆ ಸವಾರರು ಏನೂ ಮಾಡುವಂತಿರಲಿಲ್ಲ. ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ ರೆಸಿಡೆಂಟನ ಕೈಕೆಳಗಿನ ಲೆಫ್ಟಿನೆಂಟ್ ರಾಚ್‌ಫೋರ್ಟ್ ಮೈಸೂರು ಪಡೆಯೊಂದಿಗೆ ಹೋರಾಡಿ 1831ರ ಮಾರ್ಚಿನಲ್ಲಿ ಹೊನ್ನಾಳಿ ಹಿಡಿದ. ಅಲ್ಲಿ ಸೆರೆಸಿಕ್ಕ ಸುಮಾರು ನೂರು ಜನರನ್ನು ಹೊನ್ನಾಳಿ ಶಿವಮೊಗ್ಗ ನಡುವಿನ ದಾರಿಯುದ್ದಕ್ಕೂ ನೇತುಹಾಕಲಾಯಿತು. ಆ ದಾರಿಯಲ್ಲಿ ಸಂತೆಗೆ ಹೋಗುತ್ತಿದ್ದವರು ಯಾರು, ಅವರು ತಲೆ ಎತ್ತಿ ನೋಡಿದರೇ, ತಗ್ಗಿಸಿ ನಡೆದರೇ ಎಂದು ಯೋಚಿಸದೆ ಆ ವಾಕ್ಯವನ್ನು ದಾಟಿಹೋಗಲು ನನಗೆ ಆಗುವುದಿಲ್ಲ.

ನಂತರ ಬಂದದ್ದು ಕಂಪನಿಯದೇ ಸೈನ್ಯ. ಅರಮನೆಯ ಪಡೆಯ ಕೈಲಿ ಆಗಲಿಲ್ಲವೆಂದು ಲೆಫ್ಟಿನೆಂಟ್ ಕರ್ನಲ್ ಇವಾನ್ಸ್ ಶಿವಮೊಗ್ಗದಿಂದ ನಗರದತ್ತ ನಡೆದ. ಶಿಸ್ತಿನ ಸಿಪಾಯಿಗಳು, ಫಿರಂಗಿ, ಗೋರಾ ಅಧಿಕಾರಿಗಳು. ನಗರಕ್ಕೆ ಹತ್ತಿರದ ಫತೇಪೇಟೆಯ ತಡೆಗೋಡೆಯ ಮುಂದೆ ಆ ಸೈನ್ಯ ನಿಂತುಹೋಯಿತು. ದಾಟಲಾಗದೆ ಶಿವಮೊಗ್ಗಕ್ಕೆ ಹಿಂದಿರುಗಿತು. ಪಾಳೇಗಾರಿಕೆಯ ನೆನಪಷ್ಟೇ ಉಳಿದಿದ್ದ ರೈತರ ಕೈಯಲ್ಲಿ ಕಂಪನಿಯ ಶಿಸ್ತಿನ ಪಡೆ ಹೀಗೆ ಸೋತದ್ದು ಸಣ್ಣ ಸಂಗತಿಯಲ್ಲ. ಎರಡು ತಿಂಗಳ ನಂತರ ಹೆಚ್ಚಿನ ಬಲದೊಂದಿಗೆ ಮತ್ತೆ ಹೋದಾಗ, ಜೂನ್ ತಿಂಗಳಲ್ಲಿ, ನಗರ ಬಿತ್ತು.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಫತೇಪೇಟೆಯ ಸೋಲು ಕಂಪನಿಯ ಸೋಲು. ಅದರ ಫಲ ಉಂಡವರು ಮಾತ್ರ ಮೈಸೂರಿನ ದೊರೆ. ಬ್ರಿಟಿಷ್ ಪಡೆಯೇ ಹಿಮ್ಮೆಟ್ಟಬೇಕಾಗುವಷ್ಟು ದಂಗೆ ಬಲಿತಿದೆಯೆಂದ ಮೇಲೆ ದೊರೆಯ ಆಡಳಿತ ಅಷ್ಟು ಕೆಟ್ಟಿರಬೇಕು ಎಂದು ಮದರಾಸಿನಿಂದ ಬರವಣಿಗೆ ಹೋಯಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆ ಬೇಸಗೆ ಕಳೆದದ್ದು ಸಿಮ್ಲಾದಲ್ಲಿ. ಮೈಸೂರು ಕಾಣದೆ, ದೊರೆಯೊಡನೆ ಮಾತಾಡದೆ, ಕಾಗದಗಳ ಮೇಲೆ ಅವನು ತೀರ್ಮಾನ ಮಾಡಿದ. ಸೆಪ್ಟೆಂಬರ್ 7ರ ಪತ್ರ ದೊರೆಯ ಕೈ ಸೇರಿತು, ಅಕ್ಟೋಬರ್ 19ರಂದು ಅವರು ರಾಜ್ಯ ಬಿಟ್ಟುಕೊಟ್ಟರು. ಪ್ರತಿಭಟನೆಯ ಒಂದು ಗುಂಡೂ ಹಾರಲಿಲ್ಲ. ಅದೇ ತಿಂಗಳಲ್ಲಿ ಬೆಂಟಿಂಕ್ ಸಟ್ಲೆಜ್ ದಂಡೆಯ ರೋಪಡ್‌ನಲ್ಲಿ ರಣಜಿತ್ ಸಿಂಗನೊಡನೆ ಸ್ನೇಹದ ದರ್ಬಾರು ನಡೆಸುತ್ತಿದ್ದ.

1799ರ ಒಪ್ಪಂದದ ನಾಲ್ಕನೆಯ ಕಲಮಿನಲ್ಲಿ, ಪೊಗದಿಗೆ ಅಪಾಯ ಬಂದರೆ ಅದಕ್ಕೆ ಬೇಕಾದಷ್ಟು ಭಾಗವನ್ನು ಕಂಪನಿ ತನ್ನ ವಶಕ್ಕೆ ತೆಗೆದುಕೊಳ್ಳಬಹುದೆಂದಿತ್ತು. ಬೆಂಟಿಂಕ್ ತೆಗೆದುಕೊಂಡದ್ದು ಇಡೀ ರಾಜ್ಯವನ್ನು. ಇದು ನ್ಯಾಯವೇ ಎಂಬ ಅನುಮಾನ ಮುಂದೆ ಅವನಿಗೇ ಬಂತು.

ಹಾಸನದ ಸುತ್ತಮುತ್ತಲೇ ಇದರ ಮುಂಚೆ, ಇದರ ನಂತರ ನಡೆದ ಎರಡು ಯುದ್ಧಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಅನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. 1800ರ ಏಪ್ರಿಲಿನಲ್ಲಿ ಬಲಂ ಸೀಮೆಯ, ಎಂದರೆ ಮಂಜರಾಬಾದಿನ, ಐಗೂರು ಪಾಳೇಗಾರನ ಮೇಲೆ ಕಂಪನಿಯ ಪಡೆ ಏರಿಹೋಗಿ ಅರಕೆರೆಯ ಕಾಡುಕೋಟೆಯ ಮುಂದೆ ಸೋತಿತು. ತಿಂಗಳು ತುಂಬುವುದರೊಳಗೆ ಇನ್ನೊಂದು ಪಡೆ ಬಂತು. ಆ ಹೊತ್ತಿಗೆ ಧೋಂಡಿಯ ವಾಘ ಎಂಬ ಬಂಡಾಯಗಾರ ಉತ್ತರದಲ್ಲಿ ಎದ್ದದ್ದರಿಂದ ಸೈನ್ಯವನ್ನು ಅತ್ತ ಕರೆಸಿಕೊಂಡರು, ಪಾಳೇಗಾರ ಮತ್ತೆ ಕಾಡು ಸೇರಿಕೊಂಡ. ಕೊನೆಗೆ 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ತಾನೇ ಬಂದು ಅರಕೆರೆ ಹಿಡಿದ, ಕಾಡಿನೊಳಗೆ ದಾರಿ ಕಡಿಸಿದ. ಪಾಳೇಗಾರನನ್ನು ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. ಮೊದಲ ಸೋಲಿನ ಲೆಕ್ಕವನ್ನು ಯಾರೂ ಕಂಪನಿಯಿಂದ ಕೇಳಲಿಲ್ಲ.

1834ರ ಏಪ್ರಿಲಿನಲ್ಲಿ ಕೊಡಗಿನ ಮೇಲೆ ಕಂಪನಿ ನಾಲ್ಕು ದಿಕ್ಕಿನಿಂದ ಏರಿಹೋಯಿತು. ಅರಕಲಗೂಡಿಗೆ ಅಂಟಿಕೊಂಡಿರುವ ಕೊಡ್ಲಿಪೇಟೆ ಕಡೆಯಿಂದ ಒಳಹೋದ ಉತ್ತರದ ಪಡೆ ಬಕ್ಕದ ತಡೆಗೋಡೆಯ ಮುಂದೆ ಭಾರಿ ನಷ್ಟ ಅನುಭವಿಸಿ ಹಿಂದೆ ಸರಿಯಿತು. ಪಶ್ಚಿಮದಿಂದ ಹೋದ ಒಂದು ಪಡೆಗೂ ಅದೇ ಗತಿ. ಆದರೂ ಇನ್ನೊಂದು ಪಡೆ ಮಡಿಕೇರಿ ಸೇರಿತು, ಅರಸ ಚಿಕ್ಕವೀರರಾಜೇಂದ್ರ ಶರಣಾದ, ಕೊಡಗು ಕಂಪನಿಗೆ ಸೇರಿತು. ಅರಕಲಗೂಡಿನ ಬದಿಯ ಸೋಲು ಯಾರ ಖಾತೆಗೂ ಬರೆಯಲ್ಪಡಲಿಲ್ಲ.

ಎಂದರೆ ಕಂಪನಿಗೆ ಸೋಲು ಒಂದು ತಡ ಮಾತ್ರ. ಅದರ ಹಿಂದೆ ಇನ್ನೊಂದು ಪಡೆ, ಅದರ ಹಿಂದೆ ಮದರಾಸು, ಅದರ ಹಿಂದೆ ಸಾಲ ಕೊಡುವ ಸಾಹುಕಾರರು. ಮೈಸೂರಿನ ದೊರೆಗೆ ಎರಡನೆಯ ಪಡೆ ಇರಲಿಲ್ಲ. ಯುದ್ಧದಲ್ಲಿ ಅವರು ಗೆದ್ದರೂ ಗೆದ್ದವರು ಬ್ರಿಟಿಷರು, ಯಾರು ಸೋತರೂ ಸೋತವರು ಅವರು. ಆದ್ದರಿಂದ ಇವಾನ್ಸ್ ಏಪ್ರಿಲಿನಲ್ಲೇ ಫತೇಪೇಟೆ ದಾಟಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ನನಗೆ ಅಷ್ಟು ಫಲದಾಯಕವೆನ್ನಿಸುವುದಿಲ್ಲ. ನಗರ ಎರಡು ತಿಂಗಳು ಮೊದಲು ಬೀಳುತ್ತಿತ್ತು, ಕೆಲವು ಜೀವ ಉಳಿಯುತ್ತಿತ್ತು. ಬೆಂಟಿಂಕ್‌ಗೆ ಹೋಗುವ ಕಾಗದದ ಧಾಟಿ ಬದಲಾಗುತ್ತಿರಲಿಲ್ಲ. ಅರಮನೆಯ ಕೈಲಿ ಆಗಲಿಲ್ಲ, ನಾವು ಬಂದು ಮಾಡಬೇಕಾಯಿತು ಎಂದೇ ಅದರಲ್ಲಿ ಇರುತ್ತಿತ್ತು.

ಬೇರೆ ದಾರಿ ಇದ್ದದ್ದು ಡಿಸೆಂಬರಿನಲ್ಲಿ, ಚನ್ನರಾಯಪಟ್ಟಣದಲ್ಲಿ.

ಆ ದಾರಿಯನ್ನು ಕಲ್ಪಿಸಿಕೊಳ್ಳೋಣ. ದೊರೆ ಬೀಡುಬಿಟ್ಟ ಮರುದಿನ ಸುತ್ತಲ ತಾಲ್ಲೂಕುಗಳಿಗೆ ನಿರೂಪ ಹೋಗುತ್ತದೆ: ಗೌಡರೂ ಪಟೇಲರೂ ಬರಲಿ, ಅಭಯ ಕೊಟ್ಟಿದೆ, ದೂರು ಹೇಳಲಿ. ಹೊಳೆನರಸೀಪುರದಿಂದ ನಾಲೆಬಯಲಿನ ಗದ್ದೆಯವರು ಬರುತ್ತಾರೆ, ಹಾಸನದ ಕಡೆಯ ಪಟೇಲರು ಬರುತ್ತಾರೆ, ಅರಕಲಗೂಡಿನಿಂದ ಕಾವೇರಿ ದಂಡೆಯವರು. ಯಾವ ಅಮಲ್ದಾರ ಎಷ್ಟು ಹೆಚ್ಚು ತೆಗೆದ, ಯಾವ ಸುಂಕದ ಕಟ್ಟೆಯಲ್ಲಿ ಒಂದೇ ಹೇರಿಗೆ ಮೂರು ಸಲ ಕೊಟ್ಟೆವು ಎಂದು ಹೇಳುತ್ತಾರೆ. ದೊರೆ ಅಲ್ಲೇ ಕೂತು ಶರತ್ತು ರದ್ದು ಎನ್ನುತ್ತಾರೆ. ಕೆಲವು ಸುಂಕ ತೆಗೆಯುತ್ತಾರೆ. ವಜಾ ಆದ ಬಾಕಿಯನ್ನು ಕೇಳುವುದಿಲ್ಲ ಎನ್ನುತ್ತಾರೆ. ಅತಿ ಹೆಸರುಕೆಟ್ಟ ಇಬ್ಬರು ಅಧಿಕಾರಿಗಳನ್ನು ಎಲ್ಲರ ಮುಂದೆ ಕೆಲಸದಿಂದ ತೆಗೆಯುತ್ತಾರೆ.

ಇದು ಆಗದ ಕನಸೇ? ಅಲ್ಲ. ಇದನ್ನೇ ಮುಂದೆ ಕಂಪನಿಯ ಆಡಳಿತ ಮಾಡಿತು. 1834ರಲ್ಲಿ ಮೈಸೂರಿನ ಕಮಿಷನರ್ ಆದ ಮಾರ್ಕ್ ಕಬ್ಬನ್ ಹಾಗೂ ಅವನ ಕೈಕೆಳಗಿನವರು ಕಾಲಕ್ರಮದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ಕಂದಾಯದ ಕಂತುಗಳನ್ನು ಕೊಯ್ಲಿನ ಕಾಲಕ್ಕೆ ಹೊಂದಿಸಿದರು. ಶರತ್ತು ಹೋಯಿತು. ಇವುಗಳಿಂದ ಸರ್ಕಾರ ದಿವಾಳಿಯೇಳಲಿಲ್ಲ, ಆದಾಯ ಹೆಚ್ಚಿತು. 769 ಎಂಬ ಸಂಖ್ಯೆಯನ್ನು ನೋಡಿದಾಗ ನನಗೆ ಕಬ್ಬನ್ನನ ದಕ್ಷತೆಗಿಂತ ಮೊದಲು ಹೊಳೆಯುವುದು ಆ ಹೊರೆ ಹೊತ್ತವರ ಬೆನ್ನು. ಅದರಲ್ಲಿ ನೂರನ್ನಾದರೂ ದೊರೆ ತಾವೇ ಇಳಿಸಿದ್ದರೆ ಸಾಕಿತ್ತು.

ನಗರ ಶಾಂತವಾಗುತ್ತಿತ್ತೇ? ಪೂರ್ತಿ ಆಗುತ್ತಿರಲಿಲ್ಲ. ಬೂದಿ ಬಸವಪ್ಪ ಸುಂಕದ ಕಡಿತಕ್ಕೆ ಮನೆಗೆ ಹೋಗುವವನಲ್ಲ, ತರೀಕೆರೆಯವರೂ ಅಲ್ಲ. ಆದರೆ ಅವರ ಹಿಂದಿದ್ದ ಜನರಲ್ಲಿ ಬಹಳಷ್ಟು ಮಂದಿ ಕೂಟಕ್ಕೆ ಬಂದದ್ದು ಕಂದಾಯಕ್ಕಾಗಿ. ಚನ್ನರಾಯಪಟ್ಟಣದಲ್ಲಿ ದೊರೆ ಏನು ಕೊಟ್ಟರೆಂಬ ಸುದ್ದಿ, ಅಲ್ಲಿ ಯಾರನ್ನು ನೇತುಹಾಕಿದರೆಂಬ ಸುದ್ದಿ ತಲುಪಿದಷ್ಟೇ ಬೇಗ ಶಿವಮೊಗ್ಗ ತಲುಪುತ್ತಿತ್ತು. ನಿಜದಲ್ಲಿ ತಲುಪಿದ್ದು ಗಲ್ಲಿನ ಸುದ್ದಿ. ಅಭಯಕ್ಕೆ ಬರೋಣವೇ ಎಂದು ಅನುಮಾನಿಸುತ್ತಿದ್ದ ಮಲೆನಾಡಿನ ಗೌಡ ಅದನ್ನು ಕೇಳಿ ಬಂದೂಕು ಹಿಡಿದವನ ಪಕ್ಕಕ್ಕೆ ಸರಿದ. ಕೂಟವನ್ನು ಯುದ್ಧಕ್ಕೆ ತಳ್ಳಿದ್ದರಲ್ಲಿ ಬೂದಿ ಬಸವಪ್ಪನ ಪಾಲಿದ್ದಷ್ಟೇ ದಂಡಿನ ಪಾಲೂ ಇದೆ.

ಹೀಗಾಗಿದ್ದರೆ ಇವಾನ್ಸ್ ಹೊರಡಬೇಕಾಗುತ್ತಿರಲಿಲ್ಲ, ಇಲ್ಲವೇ ಹೊರಟರೂ ಎದುರಿಗೆ ಸೀಮೆಯೇ ಇರುತ್ತಿರಲಿಲ್ಲ, ಒಬ್ಬ ಪಾಳೇಗಾರನ ಹಿಡಿ ಜನ ಇರುತ್ತಿದ್ದರು. ಬೆಂಟಿಂಕ್‌ನ ಕೈಗೆ ಹೋಗುವ ಕಾಗದದಲ್ಲಿ ದೊರೆ ತಾವೇ ಸುಧಾರಣೆ ಮಾಡಿದರೆಂಬ ಮಾತು ಇರುತ್ತಿತ್ತು. ಕಂಪನಿ ಆಗಲೂ ಕೈಹಾಕುತ್ತಿತ್ತೇನೋ. ಒಬ್ಬ ದಿವಾನನನ್ನು ಹೇರಿ, ರೆಸಿಡೆಂಟನ ಹಿಡಿತ ಬಿಗಿ ಮಾಡಿ, ಒಂದೆರಡು ಫೌಜುದಾರಿಗಳನ್ನು, ಎಂದರೆ ಆಡಳಿತ ವಿಭಾಗಗಳನ್ನು, ಅಡವಿಟ್ಟುಕೊಳ್ಳುತ್ತಿತ್ತೇನೋ. ಇಡೀ ರಾಜ್ಯ ತೆಗೆದುಕೊಳ್ಳಲು ನೆವ ಮಾತ್ರ ಸಿಗುತ್ತಿರಲಿಲ್ಲ.

ದೊರೆಯ ಪರವಾಗಿ ಒಂದು ಮಾತು ಹೇಳಲೇಬೇಕು. ದಂಗೆಯೆದ್ದವರಿಗೆ ಗಲ್ಲು ಎನ್ನುವುದು ಆ ಕಾಲದ ಸರ್ಕಾರಗಳೆಲ್ಲದರ ನಡೆ. ಪಕ್ಕದಲ್ಲಿ ಕುಳಿತ ಕಂಪನಿಯ ಸಲಹೆಯೂ ಬಲಪ್ರಯೋಗವೇ. ಐದು ವರ್ಷದ ಮಗುವಾಗಿ ಗಾದಿಗೆ ಬಂದು, ಹದಿಹರೆಯದವರೆಗೆ ದಿವಾನ್ ಪೂರ್ಣಯ್ಯನವರ ನೆರಳಿನಲ್ಲಿ ಬೆಳೆದು, ಹಣವನ್ನೇ ಕೇಳುವ ಒಪ್ಪಂದದ ಅಡಿಯಲ್ಲಿ ರಾಜ್ಯವಾಳಿದವರು ಅವರು. ಮುಂದಿನ 37 ವರ್ಷ, ಅಧಿಕಾರವಿಲ್ಲದ ಅರಮನೆಯಲ್ಲಿ, ಅವರು ಒಂದೇ ಸಮನೆ ಮನವಿ ಬರೆದರು. ಸಿಡುಕಲಿಲ್ಲ, ಸಂಚು ಮಾಡಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, 1867ರಲ್ಲಿ ಲಂಡನ್ ಸರ್ಕಾರ ರಾಜ್ಯವನ್ನು ಮುಂದೆ ಹಿಂದಿರುಗಿಸುವುದಾಗಿ ಒಪ್ಪಿತು. ಈ ತಾಳ್ಮೆಗೆ ಸಾಟಿಯಿಲ್ಲ. ಡಿಸೆಂಬರಿನಲ್ಲಿ ಅದರ ಒಂದು ಪಾಲಾದರೂ ರೈತರ ಕಡೆಗೆ ತಿರುಗಿದ್ದರೆ ಎಂಬ ವ್ಯಥೆ ಅದರಿಂದಲೇ ಹೆಚ್ಚುತ್ತದೆ.

ಇನ್ನೊಂದು ಕವಲು 1834ರದು, ಹಾಸನದವರು ಇದನ್ನು ಹೆಚ್ಚು ಬಲ್ಲಂತಿಲ್ಲ. 1833ರ ಡಿಸೆಂಬರ್ 12ರಂದು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಇವರ ಸಮಿತಿ ದಂಗೆಯ ಕಾರಣಗಳ ವರದಿ ಕೊಟ್ಟಿತು. ಅದನ್ನು ನೋಡಿದ ಮೇಲೆ ಬೆಂಟಿಂಕ್‌ಗೆ ತಾನು ಅತಿಯಾಗಿ ಮಾಡಿದೆ ಅನ್ನಿಸಿತು. ಮರುವರ್ಷ ಅವನು ಒಂದು ಸಲಹೆ ಇಟ್ಟ: ಮಂಜರಾಬಾದು, ಮೈಸೂರು, ಅಷ್ಟಗ್ರಾಮ ಸೀಮೆಗಳನ್ನು ದೊರೆಗೆ ಹಿಂದಿರುಗಿಸೋಣ, ಉಳಿದದ್ದು ಕಂಪನಿಯಲ್ಲಿರಲಿ. ಹಾಸನದ ಮಲೆಯೂ ಬಯಲೂ ಈ ಪಾಲಿನಲ್ಲಿ ದೊರೆಯ ಕಡೆಗೆ ಬರುತ್ತಿದ್ದವು. ಲಂಡನ್ನಿನ ಕೋರ್ಟ್ ಆಫ್ ಡೈರೆಕ್ಟರ್ಸ್ ಒಪ್ಪಲಿಲ್ಲ.

ಮೊದಲ ನೋಟಕ್ಕೆ ಇದು ಕೈತಪ್ಪಿದ ನ್ಯಾಯದಂತೆ ಕಾಣುತ್ತದೆ. ಸ್ವಲ್ಪ ಮುಂದಕ್ಕೆ ಯೋಚಿಸಿದರೆ ನನಗೆ ಭಯವಾಗುತ್ತದೆ. ಆ ಪಾಲು ನಡೆದಿದ್ದರೆ ದೊರೆಯ ರಾಜ್ಯ ಕಾವೇರಿ, ಹೇಮಾವತಿಯ ನಾಡಿಗೆ ಮುಗಿಯುತ್ತಿತ್ತು. ಶಿವಮೊಗ್ಗ, ಚಿತ್ರದುರ್ಗ, ಬೆಂಗಳೂರು, ಕೋಲಾರಗಳು ಕೊಡುವ ಮನಸ್ಸಿಲ್ಲದೆ ಇಟ್ಟುಕೊಂಡ ನೆಲವಾಗಿ, ಕಾಲ ಕಳೆದಂತೆ ಮದರಾಸು ಆಧಿಪತ್ಯದ ಜಿಲ್ಲೆಗಳಾಗಿಬಿಡುತ್ತಿದ್ದವು. ಸಂಸ್ಥಾನಗಳನ್ನು ನುಂಗಿದ ಡಾಲ್‌ಹೌಸಿಯ ಕಾಲ ಬರುವುದಕ್ಕೆ ಹದಿನಾಲ್ಕು ವರ್ಷವಷ್ಟೇ ಇತ್ತು. ಬಳ್ಳಾರಿಗೆ, ದಕ್ಷಿಣ ಕನ್ನಡಕ್ಕೆ, ಕೊಳ್ಳೇಗಾಲಕ್ಕೆ ಆದದ್ದು ನೆನಪಿದೆಯಲ್ಲ? ಕನ್ನಡದ ನೆಲ ಇನ್ನೊಂದು ಭಾಷೆಯ ರಾಜಧಾನಿಗೆ ಅರ್ಜಿ ಬರೆದು ಕಾದ ಕಥೆ. 1881ರಲ್ಲಿ ಚಾಮರಾಜೇಂದ್ರರಿಗೆ ಹಿಂದಿರುಗಿಸಲು ಬೆಂಗಳೂರು ಉಳಿದಿರುತ್ತಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೆ ಹರಿದದ್ದು ಎರಡೂ ಒಂದೇ ಸಂಸ್ಥಾನದಲ್ಲಿದ್ದುದರಿಂದ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಮೈಸೂರಿನ ದಿವಾನರು ಯಾವ ಅಧಿಕಾರದಿಂದ ಹಣ ಹಾಕುತ್ತಿದ್ದರು? ಹಾಸನ ಗಡಿಯ ಜಿಲ್ಲೆಯಾಗುತ್ತಿತ್ತು. ಅರಸೀಕೆರೆ ದಾಟಿದರೆ ಸುಂಕದ ಕಟ್ಟೆ, ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಮೆಣಸಿನ ಹೇರಿಗೆ ಇನ್ನೊಂದು ಸರ್ಕಾರದ ಚೀಟಿ.

ಲಂಡನ್ನಿನವರು ದೊರೆಯ ಮೇಲಿನ ಪ್ರೀತಿಯಿಂದ ಬೇಡವೆಂದವರಲ್ಲ. ರಾಜ್ಯವನ್ನು ಇಡಿಯಾಗಿ ಇಟ್ಟುಕೊಂಡರೆ ಆದಾಯ ಗಟ್ಟಿ, ವ್ಯವಸ್ಥೆ ನೆಲೆಗೊಂಡ ಮೇಲೆ ನೋಡೋಣ ಎಂಬ ಲೆಕ್ಕ ಅವರದು. ಆದರೆ ಇಡಿಯಾಗಿ ಹಿಡಿದದ್ದರಿಂದ ಇಡಿಯಾಗಿ ಬಿಡಬೇಕಾಯಿತು. ಮುಮ್ಮಡಿಯವರೂ ತಮ್ಮ ಮನವಿಗಳಲ್ಲಿ ಪಾಲು ಕೇಳಲಿಲ್ಲ, ತಮ್ಮ ರಾಜ್ಯವನ್ನು ಕೇಳಿದರು.

ಅಷ್ಟರಲ್ಲಿ ಹಾಸನದ ಕಡೆ ಬೇರೆ ಬದಲಾವಣೆ ನಡೆಯುತ್ತಿತ್ತು. ಕಮಿಷನ್ ಆಡಳಿತ ಆರು ಫೌಜುದಾರಿಗಳನ್ನು ನಾಲ್ಕು ವಿಭಾಗ ಮಾಡಿ ಮಂಜರಾಬಾದನ್ನು ಅಷ್ಟಗ್ರಾಮಕ್ಕೆ ಸೇರಿಸಿತು. 1843ರಲ್ಲಿ ಮಂಜರಾಬಾದಿನ ದಕ್ಷಿಣದಲ್ಲಿ ಗ್ರೀನ್ ಎಂಬ ಯುರೋಪಿಯನ್ ಕಾಫಿ ತೋಟ ಹಾಕಿದ, ಅವನ ಹಿಂದೆ ಉಳಿದವರು ಬಂದರು. ವೆಲ್ಲೆಸ್ಲಿ ದಾರಿ ಕಡಿಸಿದ ಅದೇ ಕಾಡು. 1860ರ ದಶಕದಲ್ಲಿ ಹಾಸನ ಎಂಬ ಹೆಸರಿನಲ್ಲೇ ಜಿಲ್ಲೆ ಆಯಿತು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಅದರ ತಾಲ್ಲೂಕುಗಳಾದವು, ಅಮಲ್ದಾರರು ಸಂಬಳದ ನೌಕರರಾದರು. ಕಣದ ರಾಶಿಯ ಮೇಲೆ ಶರತ್ತಿನವರ ಕಣ್ಣು ಬೀಳುವುದು ನಿಂತಿತು. ಚನ್ನರಾಯಪಟ್ಟಣದಲ್ಲಿ ಗಲ್ಲಿಗೆ ಹೋದವರು ಕೇಳಿದ್ದು ಅಷ್ಟೇ ಆಗಿತ್ತು, ಮತ್ತು ಅದನ್ನು ಕೊಡಬಲ್ಲವರು ಆ ದಿನ ಅಲ್ಲೇ ಇದ್ದರು.